ಟ್ರಾಕ್ಟರು, ಪಂಪುಸೆಟ್ಟುಗಳಲ್ಲಿ ಬೇರೆ ಬೇರೆ ದರ್ಜೆಯ ಕೀಲೆಣ್ಣೆ ಬೆರೆಸಬಹುದೇ?

ಮುಂಗಾರು ಮಳೆ ಹದವಾಗಿ ಬಿದ್ದ ಮೇಲೆ ಬಿತ್ತನೆಗೆ ದೊರೆಯುವ ದಿನಗಳು ಕೆಲವೇ. ಆ ದಿನಗಳಲ್ಲಿ ಟ್ರಾಕ್ಟರು ನಸುಕಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ದುಡಿಯುತ್ತದೆ. ಇಂತಹ ಸಮಯದಲ್ಲಿ ಒಂದು ಬೆಳಗ್ಗೆ ಅಳತೆ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆಯ ಮಟ್ಟ ಕೆಳಗಿನ ಗೆರೆಗಿಂತಲೂ ಕೆಳಗೆ ಇಳಿದಿರುವುದು ಕಂಡುಬರಬಹುದು. ಎಂಜಿನಿನಲ್ಲಿರುವುದು 15ಡಬ್ಲ್ಯು-40 ದರ್ಜೆಯ ಎಣ್ಣೆ. ಮನೆಯಲ್ಲಿರುವುದು ಜೀಪಿಗೆಂದು ತಂದು ಉಳಿದ 20ಡಬ್ಲ್ಯು-50 ದರ್ಜೆಯ ಒಂದು ಡಬ್ಬಿ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಕಳೆದುಹೋಗುತ್ತದೆ. ಈಗ ಏನು ಮಾಡಬೇಕು?

ಎರಡು ಬಗೆಯ ಎಣ್ಣೆ ಬೆರೆತರೆ ಎಂಜಿನು ಕೆಟ್ಟೇ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಎಣ್ಣೆಯ ಜಿಡ್ಡು ಇದ್ದರೆ ಸಾಕು, ಯಾವುದಾದರೇನು ಎಂದು ಇನ್ನು ಕೆಲವರು ಕೈಗೆ ಸಿಕ್ಕಿದ್ದನ್ನು ಸುರಿಯುತ್ತಾರೆ. ಮೊದಲನೆಯವರು ಎಣ್ಣೆ ಕಡಿಮೆ ಇರುವಾಗಲೇ ಉಳುಮೆ ಮುಂದುವರಿಸಿ ಬೇರಿಂಗುಗಳನ್ನು ಸುಟ್ಟುಕೊಳ್ಳುತ್ತಾರೆ. ಎರಡನೆಯವರು ಗೇರು ಎಣ್ಣೆಯನ್ನೋ ಹಳೆಯ ಎಣ್ಣೆಯನ್ನೋ ಹಾಕಿ ಎಂಜಿನನ್ನು ನಿಧಾನವಾಗಿ ಸವೆಸುತ್ತಾರೆ. ಇಬ್ಬರಿಗೂ ಕೊನೆಗೆ ಬರುವುದು ಎಂಜಿನು ಬಿಚ್ಚಿ ಕಟ್ಟುವ ಖರ್ಚೇ. ಆದುದರಿಂದ ಯಾವುದನ್ನು, ಎಷ್ಟು, ಯಾವಾಗ ಬೆರೆಸಬಹುದು ಎಂಬುದನ್ನು ಪ್ರತಿಯೊಬ್ಬ ಟ್ರಾಕ್ಟರು ಮಾಲೀಕನೂ ಚಾಲಕನೂ ತಿಳಿದಿರುವುದು ಅವಶ್ಯಕ.

ಕೀಲೆಣ್ಣೆ ಮಾಡುವ ಕೆಲಸ

ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆ ಹಾಕುತ್ತಿದ್ದುದು ಸವೆತ ಮತ್ತು ಕಿರುಗುಟ್ಟುವಿಕೆಯನ್ನು ತಡೆಯಲು. ಎಂಜಿನಿನಲ್ಲಿ ಕೀಲೆಣ್ಣೆಯ ಕೆಲಸ ಇದಕ್ಕಿಂತ ಹೆಚ್ಚಿನದು. ಉಜ್ಜುವ ಎರಡು ಲೋಹಗಳ ನಡುವೆ ಅದು ತೆಳುವಾದ ಪೊರೆಯಂತೆ ನಿಂತು ಅವು ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುತ್ತದೆ. ಪಿಸ್ಟನ್ ಮತ್ತು ಬೇರಿಂಗುಗಳ ಶಾಖವನ್ನು ಹೊತ್ತೊಯ್ಯುತ್ತದೆ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆಕಟ್ಟಲು ಬಿಡದೆ ತನ್ನಲ್ಲೇ ತೇಲಿಸಿಕೊಂಡಿರುತ್ತದೆ. ಉರಿಯುವಿಕೆಯಿಂದ ಉಂಟಾಗುವ ಆಮ್ಲಗಳನ್ನು ಶಮನಗೊಳಿಸುತ್ತದೆ. ಪಿಸ್ಟನ್ ರಿಂಗುಗಳ ಸಂದಿಯನ್ನು ಮುಚ್ಚಿ ಒತ್ತಡ ಸೋರದಂತೆ ಮಾಡುತ್ತದೆ.

ಇವೆಲ್ಲವನ್ನೂ ಬರಿಯ ಎಣ್ಣೆಯೊಂದೇ ಮಾಡಲಾರದು. ಮೂಲ ಎಣ್ಣೆಗೆ ತೊಳೆಯುವ, ಮಸಿಯನ್ನು ಚದುರಿಸುವ, ಸವೆತ ತಡೆಯುವ, ನೊರೆ ತಡೆಯುವ ಹಲವು ರಾಸಾಯನಿಕಗಳನ್ನು ಗೊತ್ತಾದ ಪ್ರಮಾಣದಲ್ಲಿ ಸೇರಿಸಿರುತ್ತಾರೆ. ಬೆರಕೆಯ ಪ್ರಶ್ನೆ ಬಂದಾಗ ನಾವು ಎರಡು ವಿಷಯಗಳನ್ನು ನೋಡಬೇಕು. ಒಂದು, ಎಣ್ಣೆಯ ಮಂದತ್ವ. ಎರಡು, ಅದರಲ್ಲಿರುವ ರಾಸಾಯನಿಕಗಳ ಮಟ್ಟ. ಡಬ್ಬಿಯ ಮೇಲೆ ಇವೆರಡನ್ನೂ ಮುದ್ರಿಸಿರುತ್ತಾರೆ.

ಡಬ್ಬಿಯ ಮೇಲಿನ ಅಂಕಿಗಳು

ಎಸ್.ಎ.ಇ. ಎಂಬ ಅಕ್ಷರಗಳ ಮುಂದೆ ಇರುವ ಅಂಕಿ ಎಣ್ಣೆಯ ಮಂದತ್ವವನ್ನು, ಅಂದರೆ ಸ್ನಿಗ್ಧತೆಯನ್ನು ಸೂಚಿಸುತ್ತದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವು 1911ರಲ್ಲಿ ಮೊದಲು ಗೊತ್ತುಪಡಿಸಿದ ಈ ಕ್ರಮ ಅನೇಕ ತಿದ್ದುಪಡಿಗಳೊಂದಿಗೆ ಇಂದಿಗೂ ಬಳಕೆಯಲ್ಲಿದೆ. ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ.

ಎಂಜಿನು ಕಾವೇರಿದಾಗಿನ ಮಂದತ್ವವನ್ನು 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಂಟಿಸ್ಟೋಕ್ ಎಂಬ ಮಾನದಿಂದ ಅಳೆಯುತ್ತಾರೆ. ಅದರ ಮಿತಿಗಳು ಹೀಗಿವೆ:

30ರ ದರ್ಜೆ: 9.3 ರಿಂದ 12.5ರ ಒಳಗೆ
40ರ ದರ್ಜೆ: 12.5 ರಿಂದ 16.3ರ ಒಳಗೆ
50ರ ದರ್ಜೆ: 16.3 ರಿಂದ 21.9ರ ಒಳಗೆ

ದರ್ಜೆ ಎಂಬುದು ಒಂದು ಬಿಂದುವಲ್ಲ, ಒಂದು ಹರವು ಎಂಬುದನ್ನು ಇಲ್ಲಿ ಗಮನಿಸಬೇಕು. ಒಂದೇ 40ರ ದರ್ಜೆಯ ಎರಡು ಕಂಪನಿಗಳ ಎಣ್ಣೆಯಲ್ಲೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ.

15ಡಬ್ಲ್ಯು-40 ಎಂದು ಎರಡು ಅಂಕಿ ಇದ್ದರೆ ಅದು ಬಹುದರ್ಜೆಯ ಎಣ್ಣೆ. ಡಬ್ಲ್ಯು ಅಕ್ಷರ ಚಳಿಗಾಲದ ಗುರುತು. ಈ ಎಣ್ಣೆ ತಣ್ಣಗಿರುವಾಗ ತೆಳುವಾಗಿದ್ದು ಎಂಜಿನು ಸುಲಭವಾಗಿ ಹೊರಡಲು ನೆರವಾಗುತ್ತದೆ. ಕಾದ ಮೇಲೆ 40ರ ದರ್ಜೆಯ ಮಂದತ್ವವನ್ನು ಉಳಿಸಿಕೊಳ್ಳುತ್ತದೆ. 15ಡಬ್ಲ್ಯು ಎಣ್ಣೆಯನ್ನು ತಣ್ಣನೆಯ ಚಾಲನೆಗಾಗಿ ಪರೀಕ್ಷಿಸುವುದು ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಉಷ್ಣತೆಯಲ್ಲಿ. 20ಡಬ್ಲ್ಯು ಎಣ್ಣೆಯನ್ನು ಸೊನ್ನೆಗಿಂತ 15 ಡಿಗ್ರಿ ಕೆಳಗೆ. ನಮ್ಮ ರಾಜ್ಯದ ಹೊಲಗಳಲ್ಲಿ ಅಂತಹ ಚಳಿ ಇಲ್ಲ. ಆದುದರಿಂದ ನಮಗೆ ಡಬ್ಲ್ಯು ಅಕ್ಷರದ ಹಿಂದಿನ ಅಂಕಿಗಿಂತ ಮುಂದಿನ ಅಂಕಿಯೇ ಹೆಚ್ಚು ಮುಖ್ಯ. 15ಡಬ್ಲ್ಯು-40 ಮತ್ತು 20ಡಬ್ಲ್ಯು-40 ಎಣ್ಣೆಗಳು ಬೆರೆತರೆ ಮಂದತ್ವದ ದೃಷ್ಟಿಯಿಂದ ನಮ್ಮಲ್ಲಿ ಚಿಂತೆಪಡಬೇಕಾದುದಿಲ್ಲ.

ಅಕ್ಷರಗಳ ಅರ್ಥ

ಎ.ಪಿ.ಐ. ಎಂಬುದರ ಮುಂದೆ ಇರುವ ಅಕ್ಷರಗಳು ಎಣ್ಣೆಯ ಗುಣಮಟ್ಟವನ್ನು ತಿಳಿಸುತ್ತವೆ. ಸಿ ಅಕ್ಷರದಿಂದ ಆರಂಭವಾಗುವುದು ಡೀಸೆಲ್ ಎಂಜಿನಿಗೆ, ಎಸ್ ಅಕ್ಷರದಿಂದ ಆರಂಭವಾಗುವುದು ಪೆಟ್ರೋಲ್ ಎಂಜಿನಿಗೆ. ಡೀಸೆಲ್ ಎಣ್ಣೆಗಳಲ್ಲಿ ಸಿ.ಎಫ್.-4, ಸಿ.ಎಚ್.-4, ಸಿ.ಐ.-4, ಸಿ.ಜೆ.-4, ಸಿ.ಕೆ.-4 ಎಂಬುವು ಒಂದಾದ ಮೇಲೊಂದರಂತೆ ಬಂದವು. ಎರಡನೆಯ ಅಕ್ಷರ ಮುಂದೆ ಹೋದಂತೆ ಎಣ್ಣೆ ಹೊಸ ಕಾಲದ ಎಂಜಿನಿಗೆ ಹೊಂದುವಂತಹುದು ಎಂದು ತಿಳಿಯಬಹುದು. ಸಿ.ಎಫ್.-4 ಬಂದದ್ದು 1990ರಲ್ಲಿ, ಸಿ.ಕೆ.-4 ಬಂದದ್ದು 2016ರ ಕೊನೆಯಲ್ಲಿ.

ಅಂಗಡಿಯಲ್ಲಿ ಹೆಚ್ಚಿನವರು ಅಂಕಿಯನ್ನಷ್ಟೇ ಕೇಳಿ ಕೊಳ್ಳುತ್ತಾರೆ. ಆದರೆ ಅಂಕಿ ಒಂದೇ ಆಗಿದ್ದು ಅಕ್ಷರ ಬೇರೆಯಾಗಿದ್ದರೆ ಅವು ಒಂದೇ ಎಣ್ಣೆಯಲ್ಲ. ಎರಡನ್ನೂ ಓದಿಯೇ ಡಬ್ಬಿಯನ್ನು ಕೊಳ್ಳಬೇಕು.

ಬೆರೆಸಿದಾಗ ಏನಾಗುತ್ತದೆ?

ಎರಡು ಎಂಜಿನ್ ಎಣ್ಣೆಗಳು ಬೆರೆತರೆ ಹಾಲಿಗೆ ಹುಳಿ ಬಿದ್ದಂತೆ ಒಡೆದುಹೋಗುವುದಿಲ್ಲ. ಎಂಜಿನ್ ಎಣ್ಣೆಗಳು ಒಂದರೊಡನೊಂದು ಕೂಡಿಕೊಳ್ಳುತ್ತವೆಯೇ ಎಂದು ನೋಡಲು ಎ.ಎಸ್.ಟಿ.ಎಂ. ಡಿ 6922 ಎಂಬ ಪರೀಕ್ಷಾ ವಿಧಾನವೇ ಇದೆ. ಹೆಸರಾಂತ ಕಂಪನಿಗಳ ಖನಿಜ ಎಣ್ಣೆ, ಸಂಶ್ಲೇಷಿತ ಎಣ್ಣೆಗಳು ಸಾಮಾನ್ಯವಾಗಿ ಪರಸ್ಪರ ಬೆರೆಯುತ್ತವೆ. ಅಲ್ಲದೆ ಎಣ್ಣೆ ಬದಲಾಯಿಸುವಾಗ ಎಷ್ಟೇ ಹೊತ್ತು ಸುರಿಯಬಿಟ್ಟರೂ ನಾಳಗಳಲ್ಲಿ, ಮೂಲೆಗಳಲ್ಲಿ ಸ್ವಲ್ಪ ಹಳೆಯ ಎಣ್ಣೆ ಉಳಿದೇ ಇರುತ್ತದೆ. ಅಂದರೆ ಕಂಪನಿ ಬದಲಾಯಿಸಿದ ಪ್ರತಿಯೊಬ್ಬರೂ ತಿಳಿದೋ ತಿಳಿಯದೆಯೋ ಬೆರಕೆ ಮಾಡಿಯೇ ಇರುತ್ತಾರೆ.

ಆದರೆ ಬೆರೆತ ಮೇಲೆ ಸಿಗುವುದು ಎರಡೂ ಡಬ್ಬಿಗಳ ಮೇಲೆ ಬರೆದಿರದ ಮೂರನೆಯ ಎಣ್ಣೆ. ಅದನ್ನು ಯಾವ ಕಂಪನಿಯೂ ಪರೀಕ್ಷಿಸಿಲ್ಲ. ಮಂದತ್ವ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಗುಣಮಟ್ಟದಲ್ಲಿ ಮಾತ್ರ ಅದನ್ನು ಎರಡರಲ್ಲಿ ಕೀಳಾದುದಕ್ಕೆ ಸಮನೆಂದೇ ಭಾವಿಸಬೇಕು. ಸಿ.ಐ.-4 ಎಣ್ಣೆಗೆ ಸಿ.ಎಫ್.-4 ಬೆರೆತರೆ ಅದನ್ನು ಸಿ.ಎಫ್.-4 ಎಂದೇ ಲೆಕ್ಕ ಹಿಡಿದು ಬದಲಾವಣೆಯ ಅವಧಿಯನ್ನು ಕಡಿಮೆ ಮಾಡಬೇಕು. ದುಬಾರಿ ಎಣ್ಣೆಗೆ ಅಗ್ಗದ ಎಣ್ಣೆ ಬೆರೆಸಿದವನು ದುಬಾರಿ ಎಣ್ಣೆಗೆ ಕೊಟ್ಟ ಹಣವನ್ನೇ ಕಳೆದುಕೊಂಡಂತೆ.

ಒಂದು ಲೆಕ್ಕ

ನಡುಗಾತ್ರದ ಟ್ರಾಕ್ಟರಿನ ಎಂಜಿನಿನಲ್ಲಿ 7 ಲೀಟರು ಎಣ್ಣೆ ಹಿಡಿಯುತ್ತದೆ ಎಂದಿಟ್ಟುಕೊಳ್ಳೋಣ. ಅದರಲ್ಲಿರುವ 15ಡಬ್ಲ್ಯು-40 ಎಣ್ಣೆಯ ಮಂದತ್ವ 100 ಡಿಗ್ರಿಯಲ್ಲಿ 14.5 ಸೆಂಟಿಸ್ಟೋಕ್ ಎನ್ನೋಣ. ಒಂದು ಲೀಟರು ಕಡಿಮೆಯಾಗಿದೆ. ಆ ಜಾಗಕ್ಕೆ ಬೇರೆ ಎಣ್ಣೆ ಹಾಕಿದರೆ ಮಂದತ್ವ ಸುಮಾರು ಹೀಗಾಗುತ್ತದೆ:

(1) 18.5 ಸೆಂಟಿಸ್ಟೋಕಿನ 20ಡಬ್ಲ್ಯು-50 ಎಣ್ಣೆ ಒಂದು ಲೀಟರು ಹಾಕಿದರೆ 15.0 ಆಗುತ್ತದೆ. ಇನ್ನೂ 40ರ ದರ್ಜೆಯೊಳಗೇ ಇದೆ.

(2) 11 ಸೆಂಟಿಸ್ಟೋಕಿನ ಎಸ್.ಎ.ಇ. 30 ಎಣ್ಣೆ ಒಂದು ಲೀಟರು ಹಾಕಿದರೆ 13.9 ಆಗುತ್ತದೆ. ಇದೂ 40ರ ದರ್ಜೆಯೊಳಗೇ ಇದೆ.

(3) 20ಡಬ್ಲ್ಯು-50 ಎಣ್ಣೆಯನ್ನು ಸಮಪಾಲು ಬೆರೆಸಿದರೆ 16.3 ಆಗುತ್ತದೆ. ಇದು 40ರ ದರ್ಜೆಯ ಮೇಲಿನ ಗಡಿ.

(4) ಇಂದಿನ ಪೆಟ್ರೋಲ್ ಕಾರುಗಳಿಗೆ ಬರುವ 0ಡಬ್ಲ್ಯು-20 ಎಣ್ಣೆ ಬಹಳ ತೆಳು, ಸುಮಾರು 8 ಸೆಂಟಿಸ್ಟೋಕ್. ಇದನ್ನು ಕಾಲುಭಾಗ ಬೆರೆಸಿದರೂ ಒಟ್ಟು ಮಂದತ್ವ 12.4ಕ್ಕೆ ಇಳಿದು ಎಣ್ಣೆ 30ರ ದರ್ಜೆಗೆ ಜಾರುತ್ತದೆ.

ಈ ಲೆಕ್ಕದಿಂದ ತಿಳಿಯುವುದೇನೆಂದರೆ, ಹತ್ತಿರದ ದರ್ಜೆಯ ಎಂಜಿನ್ ಎಣ್ಣೆಯನ್ನು ಒಟ್ಟಿನ ಕಾಲುಭಾಗದೊಳಗೆ ಬೆರೆಸಿದರೆ ಕಾದ ಎಂಜಿನಿನಲ್ಲಿ ಎಣ್ಣೆಯ ದರ್ಜೆ ಕೆಡುವುದಿಲ್ಲ. ಆದರೆ ಒಂದು ಲೀಟರಿನ ಬದಲು ಎರಡು ಮೂರು ಲೀಟರು ಕಡಿಮೆಯಾಗಿದ್ದರೂ ಹಾಕದೆ ಓಡಿಸಿದರೆ ಉಳಿದ ಎಣ್ಣೆ ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಇಳಿಜಾರಿನಲ್ಲಿ ಟ್ರಾಕ್ಟರು ವಾಲಿದಾಗ ಪಂಪು ಎಣ್ಣೆಯ ಬದಲು ಗಾಳಿಯನ್ನು ಎಳೆಯಬಹುದು. ಕೆಲವು ನಿಮಿಷ ಎಣ್ಣೆಯ ಒತ್ತಡ ತಪ್ಪಿದರೂ ಕ್ರಾಂಕ್ ಶಾಫ್ಟಿನ ಬೇರಿಂಗು ಕಚ್ಚಿಕೊಳ್ಳುತ್ತದೆ. ಬೇರೆ ದರ್ಜೆಯ ಒಂದು ಲೀಟರು ಎಂಜಿನನ್ನು ಕೊಲ್ಲುವುದಿಲ್ಲ. ಎಣ್ಣೆಯ ಕೊರತೆ ಕೊಲ್ಲುತ್ತದೆ.

ಎಂದಿಗೂ ಬೆರೆಸಬಾರದವು

ದರ್ಜೆ ಬೇರೆಯಾಗುವುದು ಒಂದು ಮಾತು, ಜಾತಿಯೇ ಬೇರೆಯಾಗುವುದು ಇನ್ನೊಂದು ಮಾತು. ಕೆಳಗಿನವುಗಳನ್ನು ಎಂಜಿನಿಗೆ ಒಂದು ಲೋಟವೂ ಹಾಕಬಾರದು.

ಗೇರು ಎಣ್ಣೆ: ಗೇರು ಎಣ್ಣೆಯ 90ರ ಅಂಕಿಯನ್ನು ನೋಡಿ ಅದು 40ರ ಎಂಜಿನ್ ಎಣ್ಣೆಗಿಂತ ಎರಡರಷ್ಟು ಮಂದ ಎಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಗೇರು ಎಣ್ಣೆಯ ಅಳತೆಗೋಲೇ ಬೇರೆ. 90ರ ಗೇರು ಎಣ್ಣೆಯ ಮಂದತ್ವ ಸುಮಾರಾಗಿ 40 ಅಥವಾ 50ರ ಎಂಜಿನ್ ಎಣ್ಣೆಯಷ್ಟೇ. ಅಪಾಯ ಇರುವುದು ಅದರ ರಾಸಾಯನಿಕಗಳಲ್ಲಿ. ಹಲ್ಲುಚಕ್ರಗಳ ಭಾರಿ ಒತ್ತಡಕ್ಕೆಂದು ಅದರಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ಇರುತ್ತವೆ. ಮಸಿಯನ್ನು ತೊಳೆಯುವ, ಆಮ್ಲ ಶಮನ ಮಾಡುವ ಗುಣ ಅದಕ್ಕಿಲ್ಲ.

ಹೈಡ್ರಾಲಿಕ್ ಮತ್ತು ಹಿಂಬದಿ ಪೆಟ್ಟಿಗೆಯ ಎಣ್ಣೆ: ಟ್ರಾಕ್ಟರಿನ ಗೇರು ಪೆಟ್ಟಿಗೆ, ಹೈಡ್ರಾಲಿಕ್ ಮತ್ತು ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಿಗೆ ಬೇರೆಯೇ ಎಣ್ಣೆ ಇರುತ್ತದೆ. ಅದು ಎಂಜಿನಿಗೆ ಬರುವುದಿಲ್ಲ, ಎಂಜಿನ್ ಎಣ್ಣೆ ಅಲ್ಲಿಗೆ ಹೋಗಬಾರದು. ಎರಡಕ್ಕೂ ಆಗುತ್ತದೆಂದು ತಯಾರಕರೇ ಮುದ್ರಿಸಿದ ಸರ್ವೋಪಯೋಗಿ ಟ್ರಾಕ್ಟರು ಎಣ್ಣೆ ಮಾತ್ರ ಇದಕ್ಕೆ ಹೊರತು.

2ಟಿ ಎಣ್ಣೆ: ಇದು ಪೆಟ್ರೋಲಿನೊಡನೆ ಬೆರೆತು ಉರಿದುಹೋಗಲೆಂದು ಮಾಡಿದ್ದು. ಸಿಂಪರಣಾ ಯಂತ್ರ, ಕಳೆ ಕತ್ತರಿಸುವ ಯಂತ್ರಗಳ ಎರಡು ಹೊಡೆತದ ಎಂಜಿನಿಗೆ ಸರಿ, ಡೀಸೆಲ್ ಎಂಜಿನಿಗೆ ಅಲ್ಲ.

ಬ್ರೇಕ್ ದ್ರವ: ಇದು ಖನಿಜ ಎಣ್ಣೆಯೇ ಅಲ್ಲ. ಎಣ್ಣೆಯೊಡನೆ ಕೂಡಿಕೊಳ್ಳುವುದಿಲ್ಲ.

ಹರಳೆಣ್ಣೆ, ಹೊಂಗೆ ಎಣ್ಣೆ, ಅಡುಗೆ ಎಣ್ಣೆ: ಗಾಡಿಯ ಅಚ್ಚಿಗೆ ಒಗ್ಗಿದ ಹರಳೆಣ್ಣೆ ಖನಿಜ ಎಣ್ಣೆಯೊಡನೆ ಚೆನ್ನಾಗಿ ಬೆರೆಯುವುದಿಲ್ಲ. ಸಸ್ಯಜನ್ಯ ಎಣ್ಣೆಗಳು ಎಂಜಿನಿನ ಶಾಖಕ್ಕೆ ಗಟ್ಟಿಯಾಗಿ ಅಂಟಿನಂತಾಗುತ್ತವೆ.

ಸುರಿದು ತೆಗೆದ ಹಳೆಯ ಎಣ್ಣೆ: ಬಟ್ಟೆಯಲ್ಲಿ ಸೋಸಿ ಡಬ್ಬಿಯಲ್ಲಿಟ್ಟು ಮತ್ತೆ ಹಾಕುವ ಅಭ್ಯಾಸ ಕೆಲವೆಡೆ ಇದೆ. ಬಟ್ಟೆಯು ಕಸವನ್ನು ತಡೆದೀತು. ಸವೆದ ಲೋಹದ ನುಣುಪು ಪುಡಿಯನ್ನಾಗಲಿ, ಆಮ್ಲವನ್ನಾಗಲಿ, ಬೆರೆತ ಡೀಸೆಲನ್ನಾಗಲಿ ತಡೆಯಲಾರದು.

ಹೊಗೆ ನಿಲ್ಲಿಸಲು ಮಂದ ಎಣ್ಣೆ ಹಾಕುವುದು

ಎಂಜಿನು ಹಳೆಯದಾಗಿ ನೀಲಿ ಹೊಗೆ ಬರಲು ಆರಂಭಿಸಿದಾಗ 50ರ ದರ್ಜೆಯ ಎಣ್ಣೆಯನ್ನೋ ಗೇರು ಎಣ್ಣೆಯನ್ನೋ ಬೆರೆಸಿ ಹೊಗೆ ಕಡಿಮೆ ಮಾಡುವವರಿದ್ದಾರೆ. ಕೆಲವು ದಿನ ಹೊಗೆ ತಗ್ಗಬಹುದು. ಒತ್ತಡದ ಮುಳ್ಳೂ ಮೇಲೇರಬಹುದು. ಇದನ್ನು ನೋಡಿ ಎಂಜಿನು ಸುಧಾರಿಸಿತೆಂದು ತಿಳಿಯಬಾರದು. ಮುಳ್ಳು ತೋರಿಸುವುದು ಎಣ್ಣೆ ಹರಿಯಲು ಎದುರಾಗುವ ತಡೆಯನ್ನು. ಎಷ್ಟು ಎಣ್ಣೆ ಹರಿಯುತ್ತಿದೆ ಎಂಬುದನ್ನಲ್ಲ. ಮಂದ ಎಣ್ಣೆ ಕಿರಿದಾದ ನಾಳಗಳಲ್ಲಿ ನಿಧಾನವಾಗಿ ಸಾಗುತ್ತದೆ. ಬೆಳಗ್ಗೆ ಎಂಜಿನು ಹೊರಡಿಸಿದ ಮೊದಲ ಗಳಿಗೆಗಳಲ್ಲಿ ಮೇಲಿನ ಭಾಗಗಳಿಗೆ ಎಣ್ಣೆ ತಡವಾಗಿ ಮುಟ್ಟಿ ಸವೆತ ಹೆಚ್ಚುತ್ತದೆ. ನೀಲಿ ಹೊಗೆಯ ಮೂಲ ಪಿಸ್ಟನ್ ರಿಂಗು, ಲೈನರು ಅಥವಾ ವಾಲ್ವಿನ ಸೀಲುಗಳ ಸವೆತ. ಸುಗ್ಗಿ ಮುಗಿದ ಕೂಡಲೇ ಅದನ್ನು ರಿಪೇರಿ ಮಾಡಿಸುವುದೇ ಸರಿಯಾದ ಮಾರ್ಗ. ಕೈಪಿಡಿಯು ಬೇಸಿಗೆಗೆ ಮಂದವಾದ ದರ್ಜೆಯನ್ನು ಹೇಳಿದ್ದರೆ ಮಾತ್ರ ಅದನ್ನು ಬಳಸಬಹುದು.

ಹೊಲದಲ್ಲಿ ಎಣ್ಣೆ ಕಡಿಮೆಯಾದಾಗ ಅನುಸರಿಸಬೇಕಾದ ಕ್ರಮ

1. ಟ್ರಾಕ್ಟರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನು ಆರಿಸಿ ಸುಮಾರು 10 ನಿಮಿಷ ಬಿಡಬೇಕು. ಮೇಲಿನ ಎಣ್ಣೆ ಕೆಳಗಿಳಿದ ಮೇಲೆ ಕಡ್ಡಿಯನ್ನು ಒರೆಸಿ, ಮತ್ತೆ ಅದ್ದಿ ನೋಡಬೇಕು.

2. ಎಣ್ಣೆ ಏಕೆ ಕಡಿಮೆಯಾಯಿತೆಂದು ನೋಡಬೇಕು. ತಳದ ತಿರುಪು, ಶೋಧಕದ ಅಂಚು, ಸೀಲುಗಳಲ್ಲಿ ಸೋರಿಕೆ ಇದೆಯೇ ಪರೀಕ್ಷಿಸಬೇಕು. ಸೋರಿಕೆ ಜೋರಾಗಿದ್ದರೆ ಎಣ್ಣೆ ಹಾಕಿ ಪ್ರಯೋಜನವಿಲ್ಲ.

3. ಎಣ್ಣೆಯನ್ನು ಈ ಸರದಿಯಲ್ಲಿ ಆರಿಸಬೇಕು: ಮೊದಲು ಎಂಜಿನಿನಲ್ಲಿರುವ ಎಣ್ಣೆಯೇ. ಅದಿಲ್ಲದಿದ್ದರೆ ಅದೇ ಅಂಕಿ, ಅದೇ ಅಕ್ಷರದ ಬೇರೆ ಕಂಪನಿಯದು. ಅದೂ ಇಲ್ಲದಿದ್ದರೆ ಹತ್ತಿರದ ದರ್ಜೆಯ ಡೀಸೆಲ್ ಎಂಜಿನ್ ಎಣ್ಣೆ. ಯಾವುದೂ ಸಿಗದಿದ್ದಾಗ, ಟ್ರಾಕ್ಟರನ್ನು ಮನೆ ಮುಟ್ಟಿಸುವಷ್ಟಕ್ಕೆ ಮಾತ್ರ, ಪೆಟ್ರೋಲ್ ಎಂಜಿನ್ ಎಣ್ಣೆ.

4. ಬೇರೆ ದರ್ಜೆಯ ಎಣ್ಣೆ ಹಾಕುವಾಗ ಮೇಲಿನ ಗೆರೆಯವರೆಗೆ ತುಂಬಿಸಬೇಕಾಗಿಲ್ಲ. ಎರಡು ಗೆರೆಗಳ ನಡುವೆ ಬಂದರೆ ಸಾಕು. ಮೇಲಿನ ಗೆರೆ ದಾಟಿದರೆ ಕ್ರಾಂಕ್ ಶಾಫ್ಟು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತದೆ.

5. ಡಬ್ಬಿಯ ಬಾಯಿ, ಕೊಳವೆ, ಎಣ್ಣೆ ಸುರಿಯುವ ಜಾಗವನ್ನು ಒರೆಸಿಯೇ ಹಾಕಬೇಕು. ಒಂದು ಚಿಟಿಕೆ ಹೊಲದ ಮಣ್ಣು ಬೇರೆ ದರ್ಜೆಯ ಎಣ್ಣೆಗಿಂತ ಹೆಚ್ಚು ಕೆಡುಕು ಮಾಡುತ್ತದೆ.

6. ದಿನಾಂಕ, ಗಂಟೆ ಮಾಪಕದ ಅಂಕಿ, ಹಾಕಿದ ಎಣ್ಣೆಯ ದರ್ಜೆ ಮತ್ತು ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡಬೇಕು.

7. ಬೆರೆಸಿದ್ದು ಕಾಲುಭಾಗದೊಳಗಿದ್ದು, ಹತ್ತಿರದ ದರ್ಜೆಯದಾಗಿ, ಗುಣಮಟ್ಟದ ಅಕ್ಷರವೂ ಸಮನಾಗಿದ್ದರೆ ಗೊತ್ತಾದ ಅವಧಿಗೇ ಬದಲಾಯಿಸಬಹುದು. ಕಾಲುಭಾಗ ಮೀರಿದ್ದರೆ, ಕೀಳು ಅಕ್ಷರದ್ದಾಗಿದ್ದರೆ ಅಥವಾ ಪೆಟ್ರೋಲ್ ಎಣ್ಣೆಯಾಗಿದ್ದರೆ ಕೆಲಸದ ಒತ್ತಡ ಇಳಿದ ಕೂಡಲೇ ಶೋಧಕ ಸಹಿತ ಎಲ್ಲವನ್ನೂ ಬದಲಾಯಿಸಬೇಕು.

ಕಡ್ಡಿಯಲ್ಲಿ ಎಣ್ಣೆ ಕಡಿಮೆಯಾಗುವ ಬದಲು ಏರಿರುವುದು ಕಂಡರೆ ಇನ್ನೂ ಎಚ್ಚರ ಬೇಕು. ಡೀಸೆಲ್ ಅಥವಾ ನೀರು ಒಳಗೆ ಸೇರಿರುವ ಲಕ್ಷಣವಿದು. ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಇಂತಹ ಎಂಜಿನನ್ನು ಓಡಿಸದೆ ಮೆಕ್ಯಾನಿಕನಿಗೆ ತೋರಿಸಬೇಕು.

ಪಂಪುಸೆಟ್ಟು ಮತ್ತು ಇತರ ಯಂತ್ರಗಳು

ನಿಧಾನ ವೇಗದ ಒಂಟಿ ಸಿಲಿಂಡರಿನ ಡೀಸೆಲ್ ಪಂಪುಸೆಟ್ಟುಗಳಿಗೆ ಒಂದೇ ದರ್ಜೆಯ 30 ಅಥವಾ 40ರ ಎಣ್ಣೆಯನ್ನು ಸೂಚಿಸಿರುವುದುಂಟು. ಇವುಗಳಲ್ಲಿ ಹಿಡಿಯುವ ಎಣ್ಣೆ ಕಡಿಮೆ. ಆದುದರಿಂದ ಅರ್ಧ ಲೀಟರು ಬೇರೆ ಎಣ್ಣೆಯೂ ದೊಡ್ಡ ಪಾಲಾಗುತ್ತದೆ. ಬೆರಕೆ ಮಾಡುವುದಕ್ಕಿಂತ ಪೂರ್ತಿ ಬದಲಾಯಿಸುವುದೇ ಲೇಸು. ಬಹುಕಾಲ ಸಾದಾ ಎಣ್ಣೆಯಲ್ಲಿ ಓಡಿದ ಹಳೆಯ ಎಂಜಿನಿಗೆ ತೊಳೆಯುವ ಗುಣ ಹೆಚ್ಚಿರುವ ಎಣ್ಣೆಯನ್ನು ಮೊದಲ ಸಲ ಹಾಕಿದಾಗ ಒಳಗೆ ಕೂತ ಮಡ್ಡಿ ಸಡಿಲಗೊಳ್ಳಬಹುದು. ಆಗ ಮೊದಲನೆಯ ಬದಲಾವಣೆಯನ್ನು ಬೇಗ ಮಾಡಬೇಕು. ಪವರ್ ಟಿಲ್ಲರಿನ ಎಂಜಿನಿಗೂ ಇದೇ ನಿಯಮ ಅನ್ವಯಿಸುತ್ತದೆ.

ಬೈಕುಗಳ ಮಾತು ಬೇರೆ. ಅನೇಕ ಬೈಕುಗಳಲ್ಲಿ ಕ್ಲಚ್ಚು ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಎಣ್ಣೆ ಹಾಕಿದರೆ ಕ್ಲಚ್ಚು ಜಾರಬಹುದು. ಬೈಕಿಗೆ ಬೈಕಿನ 4ಟಿ ಎಣ್ಣೆಯನ್ನೇ ಬಳಸಬೇಕು.

ಹೊಸ ಟ್ರಾಕ್ಟರುಗಳು

50 ಅಶ್ವಶಕ್ತಿಗಿಂತ ಹೆಚ್ಚಿನ ಟ್ರಾಕ್ಟರುಗಳಿಗೆ 2023ರ ಜನವರಿಯಿಂದ ಬಿಗಿಯಾದ ಹೊಗೆ ನಿಯಮಗಳು ಜಾರಿಗೆ ಬಂದಿವೆ. ಇಂತಹ ಕೆಲವು ಎಂಜಿನುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕವನ್ನು ಅಳವಡಿಸಿರುತ್ತಾರೆ. ಎಣ್ಣೆ ಉರಿದಾಗ ಉಳಿಯುವ ಬೂದಿ ಈ ಶೋಧಕದಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಅದಕ್ಕಾಗಿಯೇ ಸಿ.ಜೆ.-4, ಸಿ.ಕೆ.-4 ಎಣ್ಣೆಗಳಲ್ಲಿ ಬೂದಿಯ ಅಂಶಕ್ಕೆ ಶೇಕಡಾ 1ರ ಮಿತಿ ಹಾಕಿದ್ದಾರೆ. ಶೋಧಕವಿರುವ ಎಂಜಿನಿಗೆ ಹಳೆಯ ದರ್ಜೆಯ ಎಣ್ಣೆ ಬೆರೆಸಿದರೆ ಎಂಜಿನು ಉಳಿದರೂ ಶೋಧಕ ಕೆಡಬಹುದು. ಇವುಗಳ ಮಾಲೀಕರು ಸರಿಯಾದ ಎಣ್ಣೆಯ ಒಂದು ಡಬ್ಬಿಯನ್ನು ಸದಾ ಮನೆಯಲ್ಲಿ ಇಟ್ಟುಕೊಂಡಿರತಕ್ಕದ್ದು.

ರೈತರ ಸಂದೇಹಗಳು

ಪ್ರಶ್ನೆ: ಹೊಸ ಎಣ್ಣೆ ಹಾಕಿದ ಕೆಲವೇ ದಿನಗಳಲ್ಲಿ ಕಪ್ಪಾಯಿತು. ಬೆರಕೆಯಿಂದ ಹೀಗಾಯಿತೇ?

ಉತ್ತರ: ಡೀಸೆಲ್ ಎಂಜಿನಿನಲ್ಲಿ ಎಣ್ಣೆ ಬೇಗ ಕಪ್ಪಾಗುವುದು ಸಹಜ. ಮಸಿಯನ್ನು ಅದು ತನ್ನಲ್ಲಿ ಹಿಡಿದುಕೊಂಡಿದೆ ಎಂದರ್ಥ. ಬಣ್ಣ ನೋಡಿ ಬದಲಾಯಿಸದೆ ಗಂಟೆಗಳ ಲೆಕ್ಕದಲ್ಲಿ ಬದಲಾಯಿಸಬೇಕು. ಹಲವು ಟ್ರಾಕ್ಟರುಗಳಿಗೆ 250 ಗಂಟೆ ಎಂದಿರುತ್ತದೆ. ನಿಮ್ಮ ಕೈಪಿಡಿಯ ಅಂಕಿಯೇ ನಿಮಗೆ ಪ್ರಮಾಣ.

ಪ್ರಶ್ನೆ: ಸಂಶ್ಲೇಷಿತ ಎಣ್ಣೆಗೆ ಸಾದಾ ಖನಿಜ ಎಣ್ಣೆ ಬೆರೆಸಬಹುದೇ?

ಉತ್ತರ: ಅಗತ್ಯ ಬಿದ್ದಾಗ ಬೆರೆಸಬಹುದು. ಆದರೆ ಸಂಶ್ಲೇಷಿತ ಎಣ್ಣೆಗೆ ಹೇಳಿದ ದೀರ್ಘ ಅವಧಿಯನ್ನು ಆ ಬೆರಕೆಗೆ ಲೆಕ್ಕ ಹಿಡಿಯಬಾರದು.

ಪ್ರಶ್ನೆ: ತೆಗೆದ ಹಳೆಯ ಎಣ್ಣೆಯನ್ನು ಏನು ಮಾಡುವುದು?

ಉತ್ತರ: ಬಾವಿ, ಕಾಲುವೆ, ಹೊಲದ ಬದುವಿನಲ್ಲಿ ಚೆಲ್ಲಬಾರದು. 2016ರ ನಿಯಮಗಳಂತೆ ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು, ಹಳೆಯ ಎಣ್ಣೆಯನ್ನು ಶುದ್ಧೀಕರಣಕ್ಕೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.

ನೆನಪಿನಲ್ಲಿಡಬೇಕಾದ ಅಂಶಗಳು

* ಪ್ರತಿದಿನ ಎಂಜಿನು ಹೊರಡಿಸುವ ಮೊದಲು ಕಡ್ಡಿಯಲ್ಲಿ ಎಣ್ಣೆಯ ಮಟ್ಟ ನೋಡಿರಿ.
* ಎಣ್ಣೆ ಕಡಿಮೆ ಇರುವಾಗ ಓಡಿಸುವುದಕ್ಕಿಂತ ಹತ್ತಿರದ ದರ್ಜೆಯ ಎಂಜಿನ್ ಎಣ್ಣೆಯನ್ನು ಬೆರೆಸಿ ಓಡಿಸುವುದು ಮೇಲು.
* ಬೆರಕೆ ಕಾಲುಭಾಗ ಮೀರದಿರಲಿ, ಅದು ರೂಢಿಯೂ ಆಗದಿರಲಿ.
* ಅಂಕಿಯ ಜೊತೆಗೆ ಅಕ್ಷರವನ್ನೂ ಓದಿ ಕೊಳ್ಳಿರಿ.
* ಗೇರು ಎಣ್ಣೆ, ಹೈಡ್ರಾಲಿಕ್ ಎಣ್ಣೆ, 2ಟಿ ಎಣ್ಣೆ, ಹಳೆಯ ಎಣ್ಣೆಗಳನ್ನು ಎಂಜಿನಿನ ಹತ್ತಿರ ಸುಳಿಯಗೊಡಬೇಡಿರಿ.

ಬಿತ್ತನೆಗೆ ಬೀಜ, ಗೊಬ್ಬರಗಳನ್ನು ಮುಂಚಿತವಾಗಿ ಕೂಡಿಟ್ಟುಕೊಳ್ಳುವ ರೈತರು ಅವುಗಳ ಪಕ್ಕದಲ್ಲೇ ಕೈಪಿಡಿ ಹೇಳಿದ ಕೀಲೆಣ್ಣೆಯ ಒಂದು ಡಬ್ಬಿಯನ್ನೂ ಒಂದು ಶೋಧಕವನ್ನೂ ಇಟ್ಟುಕೊಂಡರೆ ಬೆರಕೆಯ ಪ್ರಶ್ನೆಯೇ ಏಳುವುದಿಲ್ಲ. ಮಳೆ ಬೀಳುವ ಮೊದಲೇ ಈ ಕೆಲಸವನ್ನು ಮಾಡಿ ಮುಗಿಸುವುದು ಒಳ್ಳೆಯದು.